ಬಿದ್ದ ಲಾರಿ, ಎತ್ತುವವರ ಬಿಲ್ಲು: ಒಂದು ಚರಿತ್ರೆ

ಲಾರಿ ಇಟ್ಟವರ ಮನೆಯಲ್ಲಿ ಸರಿರಾತ್ರಿ ಫೋನ್ ಹೊಡೆದುಕೊಂಡರೆ ಮನೆಮಂದಿಗೆಲ್ಲ ಎದೆ ಧಸಕ್ಕೆನ್ನುತ್ತದೆ. ಡ್ರೈವರ್ ಹೇಗಿದ್ದಾನೆ, ಕ್ಲೀನರ್ ಹುಡುಗನಿಗೆ ಏನಾಯ್ತು ಅನ್ನೋದು ಮೊದಲ ಪ್ರಶ್ನೆ. ದೇವರ ದಯದಿಂದ ಜೀವಕ್ಕೆ ಅಪಾಯವಿಲ್ಲ ಎಂದು ತಿಳಿದ ಮೇಲೆ ಎರಡನೆಯ ಪ್ರಶ್ನೆ ಏಳುತ್ತದೆ: ಗಾಡಿ ಎಲ್ಲಿ ಬಿದ್ದಿದೆ, ಯಾರು ಎತ್ತುತ್ತಾರೆ, ಎಷ್ಟು ಕೇಳ್ತಾರೆ? ಈ ಎರಡನೆಯ ಪ್ರಶ್ನೆಗೆ ದೊಡ್ಡದೊಂದು ಚರಿತ್ರೆಯೇ ಇದೆ. ಸಹಕಾರ ಸಂಘದ ರಜತ ಮಹೋತ್ಸವದ ಸಂಚಿಕೆಗೂ ಈ ವಿಷಯಕ್ಕೂ ಏನು ಸಂಬಂಧ ಎಂದು ಬಾಂಧವರು ಕೇಳಬಹುದು. ಸಂಬಂಧ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಹಡಗಿನವರು ಕಲಿತ ಪಾಠ

ರಸ್ತೆಗೆ ಲಾರಿ ಬರುವುದಕ್ಕೆ ಎಷ್ಟೋ ಮೊದಲೇ ಸಮುದ್ರದಲ್ಲಿ ಈ ತಕರಾರು ಇತ್ತು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಹೋಲಿಹೆಡ್ ಎಂಬ ಬಂದರು ಇದೆ. ಅಲ್ಲಿ ಬಿರುಗಾಳಿಗೆ ಹೆದರಿ ಎರಡು ಹಾಯಿಹಡಗುಗಳು ಲಂಗರು ಹಾಕಿ ನಿಂತಿದ್ದವು. ಒಂದು ಪೋರ್ಟ್ ಕ್ಯಾಲೆಡೋನಿಯಾ, ಇನ್ನೊಂದು ಆನ್ನಾ. ಗಾಳಿಯ ಹೊಡೆತಕ್ಕೆ ಮೊದಲನೆಯದರ ಲಂಗರು ಜಾರಿ, ಅದು ಎರಡನೆಯದರ ಕಡೆಗೆ ಸರಿಯತೊಡಗಿತು. ಎಳೆಯುವ ದೋಣಿಯವನೊಬ್ಬ ಬಂದ. ಬಂದವನು ಹಗ್ಗ ಎಸೆಯಲಿಲ್ಲ, ಬೆಲೆ ಹೇಳಿದ: "ಸಾವಿರ ಪೌಂಡು, ಇಲ್ಲದಿದ್ದರೆ ಹಗ್ಗ ಇಲ್ಲ." ಹಡಗಿನ ಕಪ್ತಾನ ಏನು ಮಾಡಬೇಕು? ಒಪ್ಪಿಕೊಂಡ. ಆಮೇಲೆ ವಿಷಯ ಕೋರ್ಟಿಗೆ ಹೋಯಿತು. 1903ರಲ್ಲಿ ತೀರ್ಪು ಕೊಟ್ಟ ನ್ಯಾಯಾಧೀಶರು, ಕುತ್ತಿಗೆಗೆ ಬಂದಾಗ ಮಾಡಿಸಿಕೊಂಡ ಆ ಒಪ್ಪಂದವನ್ನು ತಳ್ಳಿಹಾಕಿ, ಮಾಡಿದ ಕೆಲಸಕ್ಕೆ ಇನ್ನೂರು ಪೌಂಡು ಸಾಕು ಎಂದರು.

1910ರಲ್ಲಿ ಬ್ರಸೆಲ್ಸ್ ನಗರದಲ್ಲಿ ಹಲವು ರಾಷ್ಟ್ರಗಳು ಸೇರಿ ಒಂದು ಅಂತಾರಾಷ್ಟ್ರೀಯ ಒಪ್ಪಂದ ಮಾಡಿಕೊಂಡವು. ಅಪಾಯದ ಹೊತ್ತಿನಲ್ಲಿ, ಅಪಾಯದ ಒತ್ತಡಕ್ಕೆ ಸಿಕ್ಕಿ ಮಾಡಿಕೊಂಡ ಕರಾರು ನ್ಯಾಯವಾಗಿಲ್ಲದಿದ್ದರೆ ಕೋರ್ಟು ಅದನ್ನು ರದ್ದು ಮಾಡಬಹುದು, ಇಲ್ಲವೇ ತಿದ್ದಬಹುದು ಎಂಬುದು ಅದರಲ್ಲಿ ಸೇರಿತು. ಲಂಡನ್ನಿನ ಲಾಯ್ಡ್ಸ್ ಸಂಸ್ಥೆಯ ಮುದ್ರಿತ ಕರಾರು ಪತ್ರವೂ ಅದೇ ಕಾಲದಲ್ಲಿ ಬಳಕೆಗೆ ಬಂತು. ಅದರ ಪ್ರಕಾರ ಮೊದಲು ಹಡಗು ಉಳಿಸು, ದುಡ್ಡಿನ ಲೆಕ್ಕ ಆಮೇಲೆ ಮಧ್ಯಸ್ಥರು ಮಾಡುತ್ತಾರೆ. ಏನೂ ಉಳಿಯದಿದ್ದರೆ ದುಡ್ಡೂ ಇಲ್ಲ. ಮುಳುಗುವವನ ಹತ್ತಿರ ಚೌಕಾಸಿ ಮಾಡಬಾರದು ಎಂಬುದನ್ನು ಸಮುದ್ರದವರು ನೂರು ವರ್ಷಕ್ಕೂ ಹಿಂದೆಯೇ ಕಂಡುಕೊಂಡಿದ್ದರು. ರಸ್ತೆಯವರು ಮಾತ್ರ ಇನ್ನೂ ಪರದಾಡುತ್ತಿದ್ದಾರೆ.

ಮೂರು ಕಂಬ, ಒಂದು ಗಡಗಡೆ, ಒಂದು ಸರಪಳಿ

ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿ ಚಾಟನೂಗಾ ಎಂಬ ಊರು. ಅಲ್ಲಿ ಅರ್ನೆಸ್ಟ್ ಹೋಮ್ಸ್ ಎಂಬ ಮೆಕ್ಯಾನಿಕ್ ಇದ್ದ. 1916ರಲ್ಲಿ ಸ್ನೇಹಿತನ ಕಾರೊಂದು ಹಳ್ಳಕ್ಕೆ ಬಿತ್ತು. ಹಗ್ಗ, ಮರದ ದಿಮ್ಮಿ, ಹಲವು ಆಳು ಹಾಕಿ ಗಂಟೆಗಟ್ಟಲೆ ಒದ್ದಾಡಿ ಅದನ್ನು ಮೇಲಕ್ಕೆ ತಂದರು. ಇದಕ್ಕೊಂದು ಉಪಾಯ ಬೇಕು ಎಂದುಕೊಂಡ ಹೋಮ್ಸ್, 1913ರ ಮಾಡೆಲ್ಲಿನ ಕ್ಯಾಡಿಲಾಕ್ ಕಾರಿನ ಹಿಂಭಾಗಕ್ಕೆ ಮೂರು ಕಂಬ, ಒಂದು ಗಡಗಡೆ, ಒಂದು ಸರಪಳಿ ಕಟ್ಟಿದ. ಇವತ್ತಿನ ಟೋಯಿಂಗ್ ಗಾಡಿಗಳ ಮೂಲಪುರುಷ ಅದೇ. ಅದರ ನೆನಪಿಗೆ ಚಾಟನೂಗಾದಲ್ಲಿ 1995ರಿಂದ ಒಂದು ವಸ್ತುಸಂಗ್ರಹಾಲಯವೇ ಇದೆ.

ಈ ಕಸುಬು ಹುಟ್ಟಿದ್ದು ಉಪಕಾರದಿಂದ ಎಂಬುದನ್ನು ಮರೆಯಬಾರದು. ಇವತ್ತಿಗೂ ಮಳೆಯಲ್ಲಿ, ಕತ್ತಲಲ್ಲಿ, ಪಕ್ಕದಲ್ಲೇ ಗಾಡಿಗಳು ಭರ್ರನೆ ಹೋಗುತ್ತಿರುವಾಗ ಜೀವ ಒತ್ತೆಯಿಟ್ಟು ಕೆಲಸ ಮಾಡುವ ಪ್ರಾಮಾಣಿಕರು ಅದರಲ್ಲಿದ್ದಾರೆ. ಅಮೆರಿಕದಲ್ಲಿ ಲೋಡ್ ತುಂಬಿದ ಲಾರಿ 80,000 ಪೌಂಡ್, ಅಂದರೆ ಸುಮಾರು 36 ಟನ್ ತನಕ ತೂಗುತ್ತದೆ. ಅಂಥದ್ದನ್ನು ಎತ್ತುವ ಕ್ರೇನಿನ ಬೆಲೆ ಕೋಟಿಗಟ್ಟಲೆ ರೂಪಾಯಿ. ನ್ಯಾಯವಾದ ಬಾಡಿಗೆ ಕೊಡಲೇಬೇಕು. ನಾವು ಮಾತಾಡುತ್ತಿರುವುದು ಗಾಳಿ ಬಂದಾಗ ತೂರಿಕೊಳ್ಳುವವರ ಬಗ್ಗೆ.

ಬಿಲ್ಲು ಹೇಗೆ ಬೆಳೆಯುತ್ತದೆ

ಅಮೆರಿಕದ ಹೆದ್ದಾರಿಯಲ್ಲಿ ಲಾರಿ ಬಿದ್ದರೆ ಸಾಮಾನ್ಯವಾಗಿ ಟೋಯಿಂಗ್ ಕಂಪನಿಯನ್ನು ಕರೆಸುವವರು ಪೊಲೀಸರು. ಅವರ ಬಳಿ ಸರದಿ ಪಟ್ಟಿ ಇರುತ್ತದೆ. ಆ ಹೊತ್ತಿಗೆ ಯಾರ ಸರದಿಯೋ ಅವರು ಬರುತ್ತಾರೆ. ರಸ್ತೆ ಬೇಗ ತೆರವಾಗಬೇಕೆಂಬುದು ಪೊಲೀಸರ ಅವಸರ. ಮಾಲೀಕ ಮಾತ್ರ ಸಾವಿರ ಮೈಲಿ ದೂರದಲ್ಲಿ. ಕರೆಸಿದವರೊಬ್ಬರು, ಕೆಲಸ ಮಾಡುವವರೊಬ್ಬರು, ದುಡ್ಡು ಕೊಡುವವನು ಇನ್ನೊಬ್ಬ! ಇಂಥ ವ್ಯಾಪಾರದಲ್ಲಿ ದರ ನೆಲದ ಮೇಲೆ ನಿಲ್ಲುವುದುಂಟೇ?

ಒಂದು ಕ್ರೇನ್ ಸಾಕಾಗುವಲ್ಲಿ ಎರಡು ಬರುತ್ತವೆ. ನಿಂತೇ ಇದ್ದ ಗಾಡಿಗೂ ಗಂಟೆ ಲೆಕ್ಕದ ಬಾಡಿಗೆ. ಮೇಲ್ವಿಚಾರಕನಿಗೊಂದು ಚಾರ್ಜು, ಆಫೀಸು ಖರ್ಚಿಗೊಂದು, ಚೆಲ್ಲಿದ ಎಣ್ಣೆ ಬಳಿದದ್ದಕ್ಕೊಂದು. ಯಾರ್ಡಿಗೆ ಹೋದ ಮೇಲೆ ದಿನಕ್ಕಿಷ್ಟು ಎಂದು ನೆಲಬಾಡಿಗೆ, ಎಂಜಿನ್ನಿಗೆ ಬೇರೆ, ಟ್ರೇಲರಿಗೆ ಬೇರೆ. ಒಳಗಿರುವ ಸರಕು ಬೇರೆಯವರದ್ದು, ಅದನ್ನೂ ಹಿಡಿದಿಟ್ಟುಕೊಳ್ಳುತ್ತಾರೆ. ಬಿಲ್ಲು ಜಾಸ್ತಿಯಾಯಿತು ಎಂದು ತಕರಾರು ಎತ್ತಿದರೆ, ತಕರಾರು ನಡೆದಷ್ಟು ದಿನವೂ ನೆಲಬಾಡಿಗೆ ಏರುತ್ತಲೇ ಹೋಗುತ್ತದೆ. ಒಂದೇ ಲಾರಿ ಇಟ್ಟುಕೊಂಡು ಕಂತು ಕಟ್ಟುವವನಿಗೆ ಗಾಡಿ ನಿಂತರೆ ಅನ್ನ ನಿಂತಂತೆ. ಅವನು ಬೇಗನೆ ಸೋಲುತ್ತಾನೆ. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ.

ಕಾನೂನು ಏನು ಮಾಡುತ್ತಿತ್ತು? 1994ರಲ್ಲಿ ಅಮೆರಿಕದ ಸಂಸತ್ತು, ಸರಕು ಸಾಗಣೆಯ ದರ ಮತ್ತು ಮಾರ್ಗಗಳನ್ನು ರಾಜ್ಯಗಳು ನಿಯಂತ್ರಿಸಕೂಡದು ಎಂದು ಕಾನೂನು ಮಾಡಿತು. ಪೈಪೋಟಿ ಹೆಚ್ಚಿ ದರ ಇಳಿಯಲಿ ಎಂಬುದು ಉದ್ದೇಶ. ಆದರೆ ಟೋಯಿಂಗ್ ಗಾಡಿಗಳೂ ಅದರ ವ್ಯಾಪ್ತಿಗೆ ಬಂದವು. ಬಿದ್ದ ಲಾರಿಗೆ ಪೈಪೋಟಿ ಎಲ್ಲಿಂದ ಬರಬೇಕು? ಮರುವರ್ಷವೇ, 1995ರಲ್ಲಿ, ತಿದ್ದುಪಡಿ ತಂದರು. ಮಾಲೀಕನ ಮುಂಚಿತ ಒಪ್ಪಿಗೆಯಿಲ್ಲದೆ ಎಳೆದೊಯ್ದ ಗಾಡಿಯ ದರವನ್ನು ರಾಜ್ಯಗಳು ನಿಗದಿ ಮಾಡಬಹುದು ಎಂದಾಯಿತು. ಮಾಡಬಹುದು ಅಂದರೆ ಮಾಡಲೇಬೇಕು ಎಂದಲ್ಲವಲ್ಲ! ಕೆಲವು ರಾಜ್ಯಗಳು ಮಾಡಿದವು, ಕೆಲವು ಸುಮ್ಮನಿದ್ದವು. ಒಂದೇ ಹೆದ್ದಾರಿಯಲ್ಲಿ ಗಡಿ ದಾಟಿದರೆ ಬೇರೆ ನ್ಯಾಯ. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಎಳೆದೊಯ್ದ ಕಾರನ್ನು ಕೂಡಿಟ್ಟುಕೊಂಡು ವಿಲೇವಾರಿ ಮಾಡಿದ ಪ್ರಕರಣವೊಂದರಲ್ಲಿ, ಅಂಥ ವಿಷಯಕ್ಕೆ ರಾಜ್ಯದ ಕಾನೂನಿನಡಿ ದಾವೆ ಹೂಡಲು 1994ರ ಕಾಯಿದೆ ಅಡ್ಡಿಯಲ್ಲ ಎಂದು ಸರ್ವಾನುಮತದಿಂದ ಹೇಳಿತು. ಗಾಡಿ ಕಳೆದುಕೊಂಡವನಿಗೆ ಒಂದು ಬಾಗಿಲು ತೆರೆಯಿತು.

ಅಮೆರಿಕದ ಸಾರಿಗೆ ಸಂಶೋಧನಾ ಸಂಸ್ಥೆಯೊಂದು 2023ರಲ್ಲಿ ಇದರ ಬಗ್ಗೆ ವರದಿ ಪ್ರಕಟಿಸಿತು. ವಿಚಾರಿಸಿದ ಲಾರಿ ಕಂಪನಿಗಳಲ್ಲಿ ಸುಮಾರು ಶೇ. 83 ಮಿತಿಮೀರಿದ ದರ ಕಂಡಿದ್ದವು. ಅಪಘಾತದ ಟೋಯಿಂಗ್ ಬಿಲ್ಲುಗಳನ್ನು ತೆಗೆದು ನೋಡಿದರೆ ಸುಮಾರು ಶೇ. 30ರಲ್ಲಿ ಒಂದಲ್ಲ ಒಂದು ಬಗೆಯ ಸುಲಿಗೆ ಕಾಣಿಸಿತು. ಅಂದರೆ ಹತ್ತರಲ್ಲಿ ಏಳು ಬಿಲ್ಲು ನೆಟ್ಟಗಿದ್ದವು ಎಂಬುದನ್ನೂ ಗಮನಿಸಬೇಕು. 2024ರ ಆರಂಭದಲ್ಲಿ ಅಲ್ಲಿನ ಕೇಂದ್ರ ಸಾರಿಗೆ ಇಲಾಖೆಯೂ ಲಾರಿಯವರ ಪರವಾಗಿ ದನಿ ಎತ್ತಿ, ಗುಪ್ತ ಶುಲ್ಕಗಳ ವಿರುದ್ಧ ಆಗ ತಯಾರಾಗುತ್ತಿದ್ದ ನಿಯಮವನ್ನು ಬೆಂಬಲಿಸಿತು. ವರ್ಷದ ಕೊನೆಗೆ ನಿಯಮ ಹೊರಬಿದ್ದಾಗ ನೋಡಿದರೆ, ಅದು ಕಾರ್ಯಕ್ರಮಗಳ ಟಿಕೆಟ್ಟು ಮತ್ತು ಹೋಟೆಲ್ ವಸತಿಗೆ ಮಾತ್ರ ಸೀಮಿತ. ಲಾರಿಯವರಿಗೆ ಸಿಕ್ಕಿದ್ದು ಚಿಪ್ಪು.

ಒಂಟಾರಿಯೋದ ಬೆಂಕಿ

ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಸಂಗತಿ ಇನ್ನೂ ಕೆಟ್ಟಿತು. ಟೊರಾಂಟೋ ಸುತ್ತಲಿನ ಹೆದ್ದಾರಿಗಳಲ್ಲಿ ಮೊದಲು ಬಂದವನಿಗೆ ಗಾಡಿ ಎಂಬ ರೂಢಿ ಇತ್ತು. ಅಪಘಾತದ ಸುದ್ದಿ ಸಿಕ್ಕ ಕೂಡಲೇ ನಾಲ್ಕೈದು ಟೋಯಿಂಗ್ ಗಾಡಿಗಳು ಪಂದ್ಯಕ್ಕೆ ಬಿದ್ದಂತೆ ಓಡಿ ಬರುತ್ತಿದ್ದವು. ಎಳೆದೊಯ್ದ ಗಾಡಿಯಿಂದ ಯಾರ್ಡಿಗೆ, ಗ್ಯಾರೇಜಿಗೆ, ಸುಳ್ಳು ವಿಮಾ ಕ್ಲೇಮಿಗೆ ದುಡ್ಡು ಹರಿಯುತ್ತಿತ್ತು. ಪಾಳೇಗಾರರಂತೆ ಎಲ್ಲೆ ಹಂಚಿಕೊಂಡರು. ಎಲ್ಲೆ ದಾಟಿದವನ ಗಾಡಿಗೆ ಬೆಂಕಿ ಬಿತ್ತು, ಗುಂಡು ಹಾರಿತು, ಕೊಲೆಗಳೂ ಆದವು. 2020ರ ಮೇ ತಿಂಗಳಲ್ಲಿ ಯಾರ್ಕ್ ಪ್ರದೇಶದ ಪೊಲೀಸರು ಸುಮಾರು 20 ಜನರನ್ನು ಬಂಧಿಸಿದ್ದಾಗಿ ಪ್ರಕಟಿಸಿದರು.

ಅಷ್ಟಾದ ಮೇಲೆ ಸರ್ಕಾರ ಎಚ್ಚೆತ್ತಿತು. 2021ರಲ್ಲಿ ಟೋಯಿಂಗ್ ಮತ್ತು ಯಾರ್ಡುಗಳಿಗೆಂದೇ ಪ್ರತ್ಯೇಕ ಕಾಯಿದೆ ಬಂತು. ಅದೇ ಡಿಸೆಂಬರಿನಿಂದ ಕೆಲವು ಹೆದ್ದಾರಿ ಭಾಗಗಳಲ್ಲಿ ಸರ್ಕಾರ ಗೊತ್ತು ಮಾಡಿದ ಕಂಪನಿ ಮಾತ್ರ ಗಾಡಿ ಎತ್ತಬೇಕೆಂಬ ವ್ಯವಸ್ಥೆ ಮಾಡಿದರು. 2024ರ ಜನವರಿ 1ರಿಂದ ಪ್ರತಿ ಟೋಯಿಂಗ್ ಕಂಪನಿಯೂ ಯಾರ್ಡೂ ಸರ್ಕಾರದ ಪ್ರಮಾಣಪತ್ರ ಪಡೆಯಬೇಕು, ದರಪಟ್ಟಿಯನ್ನು ಮೊದಲೇ ಸರ್ಕಾರಕ್ಕೆ ಸಲ್ಲಿಸಬೇಕು. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಬಿಲ್ಲಿನಲ್ಲಿ ಬಾಬುವಾರು ವಿವರ ಬರೆಯಬೇಕು. ಹಡಗಿನವರು 1910ರಲ್ಲಿ ತಲುಪಿದ ಜಾಗಕ್ಕೆ ರಸ್ತೆಯವರು ಬರಲು ಇಷ್ಟು ಕಾಲ ಹಿಡಿಯಿತು.

ನಮ್ಮಲ್ಲಿ ಏನಿದೆ

ನಮ್ಮ ದೇಶದ ಕಾನೂನಿನಲ್ಲಿ ಇದಕ್ಕೆ ಮದ್ದು ಮೊದಲಿನಿಂದಲೂ ಇದೆ, ನಾವು ಬಿಚ್ಚಿ ನೋಡಿಲ್ಲ ಅಷ್ಟೇ. 1872ರ ಭಾರತೀಯ ಕರಾರು ಕಾಯಿದೆಯ 15ನೇ ಕಲಮಿನ ಪ್ರಕಾರ, ಇನ್ನೊಬ್ಬನ ಸ್ವತ್ತನ್ನು ಕಾನೂನುಬಾಹಿರವಾಗಿ ಹಿಡಿದಿಟ್ಟು ಒಪ್ಪಂದ ಮಾಡಿಸಿಕೊಂಡರೆ ಅದು ಬಲಾತ್ಕಾರ. 72ನೇ ಕಲಮಿನ ಪ್ರಕಾರ ಬಲಾತ್ಕಾರದಿಂದ ಪಡೆದ ಹಣವನ್ನು ಹಿಂದಕ್ಕೆ ಕೊಡಬೇಕು. ಆ ಕಲಮಿಗೆ ಕೊಟ್ಟಿರುವ ಉದಾಹರಣೆ ಚೆನ್ನಾಗಿದೆ: ರೈಲು ಕಂಪನಿ ಅಕ್ರಮ ಚಾರ್ಜು ಕೊಟ್ಟರೆ ಮಾತ್ರ ಸಾಮಾನು ಬಿಡುತ್ತೇನೆ ಅಂದಿತು, ಸಾಮಾನಿನವನು ವಿಧಿಯಿಲ್ಲದೆ ಕೊಟ್ಟ, ಹೆಚ್ಚಾಗಿ ಕೊಟ್ಟಷ್ಟನ್ನು ವಾಪಸು ಪಡೆಯಲು ಅವನಿಗೆ ಹಕ್ಕಿದೆ. ರೈಲು ಕಂಪನಿಯ ಜಾಗದಲ್ಲಿ ಕ್ರೇನಿನವನನ್ನು ಇಟ್ಟು ಓದಿ ನೋಡಿ.

1988ರ ಮೋಟಾರು ವಾಹನ ಕಾಯಿದೆಯ 136ನೇ ಕಲಮು, ಅಪಘಾತವಾದ ಗಾಡಿಯನ್ನು ಪರೀಕ್ಷೆಗೆ ಒಯ್ದರೆ ಎಲ್ಲಿಗೆ ಒಯ್ದರೆಂದು ಮಾಲೀಕನಿಗೆ ತಿಳಿಸಬೇಕು, ವಿಧಿವಿಧಾನ ಮುಗಿಸಿ 24 ಗಂಟೆಯೊಳಗೆ ಹಿಂತಿರುಗಿಸಬೇಕು ಎನ್ನುತ್ತದೆ. ಕೇಸಿನಲ್ಲಿ ಜಪ್ತಿಯಾದ ಗಾಡಿಗಳ ಬಗ್ಗೆ 2002ರಲ್ಲಿ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅವನ್ನು ಠಾಣೆಯ ಮುಂದೆ ಬಹುಕಾಲ ತುಕ್ಕು ಹಿಡಿಸುವುದರಲ್ಲಿ ಅರ್ಥವಿಲ್ಲ, ಬಾಂಡು ಜಾಮೀನು ಪಡೆದು ಬೇಗ ಬಿಡುವ ಬಗ್ಗೆ ಮ್ಯಾಜಿಸ್ಟ್ರೇಟರು ಆದೇಶ ಮಾಡಬೇಕು ಎಂದಿದೆ.

ಇನ್ನು ವಿಮೆ. 2002ರ ಮೋಟಾರು ಟ್ಯಾರಿಫಿನ ಪ್ರಮಾಣಿತ ಪಾಲಿಸಿಯಲ್ಲಿ ಲಾರಿಯಂಥ ವಾಣಿಜ್ಯ ವಾಹನವನ್ನು ಬಿದ್ದ ಜಾಗದಿಂದ ಗ್ಯಾರೇಜಿಗೆ ಸಾಗಿಸಲು ಕೊಡುವ ಮೊತ್ತಕ್ಕೆ 2,500 ರೂಪಾಯಿಯ ಮಿತಿ ಹಾಕಿದ್ದರು. ಕ್ರೇನಿನವನ ಬಿಲ್ಲು ಎಷ್ಟೇ ಇರಲಿ, ಮಿತಿ ಮೀರಿದ್ದು ಮಾಲೀಕನ ತಲೆಗೆ. ತನ್ನ ಪಾಲಿಸಿಯಲ್ಲಿ ಈ ಮಿತಿ ಎಷ್ಟಿದೆ ಎಂದು ಲಾರಿ ಇಟ್ಟ ಪ್ರತಿಯೊಬ್ಬರೂ ಇವತ್ತೇ ತೆಗೆದು ಓದಬೇಕು. ಸಾಲದಿದ್ದರೆ ಹೆಚ್ಚಿನ ಪ್ರೀಮಿಯಂ ಕಟ್ಟಿ ಬರೆಸಿಕೊಳ್ಳಬೇಕು. ಗಾಡಿ ಅಲುಗಾಡಿಸುವ ಮುಂಚೆ ಫೋಟೋ ತೆಗೆಸಬೇಕು, ವಿಮೆಯವರಿಗೆ ತಿಳಿಸಿ ಸ್ಪಾಟ್ ಸರ್ವೆ ಕೇಳಬೇಕು. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಬೇಕು. ದರ ಬರೆಯದ ಖಾಲಿ ಕಾಗದಕ್ಕೆ ಡ್ರೈವರ್ ಸಹಿ ಹಾಕಕೂಡದು. ಕೊನೆಗೆ ವಿಧಿಯಿಲ್ಲದೆ ದುಡ್ಡು ಕೊಡಬೇಕಾಗಿ ಬಂದರೆ, ಆಕ್ಷೇಪಣೆಯೊಂದಿಗೆ ಕೊಟ್ಟಿದ್ದೇನೆ ಎಂದು ಬರೆದು, ಬಾಬುವಾರು ರಸೀದಿ ತೆಗೆದುಕೊಳ್ಳಬೇಕು. ಮೇಲೆ ಹೇಳಿದ 72ನೇ ಕಲಮಿಗೆ ಆ ಕಾಗದವೇ ಆಧಾರ.

ಸಹಕಾರಕ್ಕೂ ಇದಕ್ಕೂ ಇರುವ ನಂಟು

ಈಗ ಮೊದಲಲ್ಲಿ ಹೇಳಿದ ಮಾತಿಗೆ ಬರೋಣ. ಮಳೆ ಕೈಕೊಟ್ಟ ವರ್ಷ ಬೀಜಕ್ಕೆ ದುಡ್ಡಿಲ್ಲದ ರೈತ ಸಾಹುಕಾರನ ಕಟ್ಟೆಗೆ ಹೋಗಿ ನಿಂತಾಗ ಬಡ್ಡಿ ಎಷ್ಟು ಎಂದು ಚೌಕಾಸಿ ಮಾಡುವ ತಾಕತ್ತು ಅವನಿಗಿತ್ತೇ? ಅವನ ಸ್ಥಿತಿಯೂ ಹೋಲಿಹೆಡ್ಡಿನ ಕಪ್ತಾನನ ಸ್ಥಿತಿಯೂ ಒಂದೇ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷ, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶಕ್ಕೇ ಮೊದಲನೆಯದಾದ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಬಡ್ಡಿಯ ದರವನ್ನು ಕಷ್ಟ ಬರುವ ಮುಂಚೆ, ಹತ್ತು ಜನ ಕೂತು, ನಿಯಮದ ಪುಸ್ತಕದಲ್ಲಿ ಬರೆದಿಡುವುದೇ ಇಂಥ ಸಂಘದ ಜೀವಾಳ.

ಅಮೆರಿಕದ ಒಂಟಿ ಲಾರಿ ಮಾಲೀಕರು 1973ರಲ್ಲಿ, ತೈಲದ ಬಿಕ್ಕಟ್ಟಿನ ಕಾಲದಲ್ಲಿ, ತಮ್ಮದೇ ಸಂಘ ಕಟ್ಟಿಕೊಂಡರು. ಆ ಸಂಘ ಇವತ್ತಿಗೂ ಟೋಯಿಂಗ್ ಸುಲಿಗೆಯ ವಿರುದ್ಧ ದನಿ ಎತ್ತುತ್ತಿದೆ. ನಮ್ಮ ಸುತ್ತಮುತ್ತ ಲಾರಿ, ಟೆಂಪೊ, ಟ್ರ್ಯಾಕ್ಟರ್ ಇಟ್ಟಿರುವ ಸದಸ್ಯರು ಕಡಿಮೆಯೇನಿಲ್ಲ. ಸಾಲದ ಕಂತು ಕಟ್ಟುವವರೇ ಬಹುಪಾಲು. ಅವರೆಲ್ಲ ಒಂದು ದಿನ ಸಂಘದ ಕಚೇರಿಯಲ್ಲಿ ಕೂತು, ನಾವು ಓಡಾಡುವ ರಸ್ತೆಗಳಲ್ಲಿರುವ ನಂಬಿಕಸ್ಥ ಕ್ರೇನಿನವರನ್ನು ಕರೆಸಿ, ಗಾಡಿಗಿಷ್ಟು, ಕಿಲೋಮೀಟರಿಗಿಷ್ಟು, ದಿನದ ನೆಲಬಾಡಿಗೆ ಇಷ್ಟು ಎಂದು ಲಿಖಿತ ದರಪಟ್ಟಿ ಮಾಡಿಕೊಳ್ಳಬಹುದು. ಅದರ ಒಂದು ಪ್ರತಿ ಪ್ರತಿ ಗಾಡಿಯಲ್ಲಿ ಆರ್.ಸಿ. ಪುಸ್ತಕದ ಜೊತೆಗಿರಲಿ. ಇದಕ್ಕೆ ಹೊಸ ಕಾನೂನು ಬೇಡ, ಸರ್ಕಾರದ ಅನುದಾನವೂ ಬೇಡ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಇಪ್ಪತ್ತೈದು ವರ್ಷ ಬೀಜ, ಗೊಬ್ಬರ, ಸಾಲಕ್ಕೆ ಆಸರೆಯಾದ ನಮ್ಮ ಸಂಘ ಮುಂದಿನ ಮಹಾಸಭೆಯಲ್ಲಿ ಈ ಸಣ್ಣ ಕೆಲಸವನ್ನು ಚರ್ಚೆಗೆ ತೆಗೆದುಕೊಳ್ಳಲಿ ಎಂದು ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ. ಸಂಘಕ್ಕೂ ಸದಸ್ಯ ಬಾಂಧವರಿಗೂ ರಜತ ಮಹೋತ್ಸವದ ಶುಭಾಶಯಗಳು. ಯಾರ ಗಾಡಿಯೂ ಬೀಳದಿರಲಿ.