ಮಳೆ ಬರೆದಿಟ್ಟವರಿಗೆ ಸಿಕ್ಕಿದ್ದೇನು?

ಮಾಣಿ–ಮೈಸೂರು ಹೆದ್ದಾರಿಯಲ್ಲಿ ಪುತ್ತೂರು ದಾಟಿ ಮುಂದೆ ಹೋದರೆ ಸುಳ್ಯಕ್ಕಿಂತ ಮೊದಲು ಜಾಲ್ಸೂರು ಸಿಗುತ್ತದೆ. ಇಲ್ಲಿ ಕವಲೊಡೆಯುವ ಒಂದು ರಸ್ತೆ ಆದೂರು, ಮುಳ್ಳೇರಿಯ ಮಾರ್ಗವಾಗಿ ಕಾಸರಗೋಡಿನ ಕಡೆಗೆ ಇಳಿಯುತ್ತದೆ. ತುಳು, ಅರೆಭಾಷೆ, ಹವ್ಯಕ, ಮಲಯಾಳ, ಕನ್ನಡ ಎಲ್ಲವೂ ಕಿವಿಗೆ ಬೀಳುವ ಈ ಗಡಿಯೂರಿನಲ್ಲಿ ಆಟಿ ತಿಂಗಳ ಮಾತುಕತೆ ಯಾವ ಭಾಷೆಯಲ್ಲಿ ನಡೆದರೂ ವಿಷಯ ಒಂದೇ, ಮಳೆ. ‘ಇಂಥ ಮಳೆ ನಾವು ಕಂಡದ್ದೇ ಇಲ್ಲ’ ಎಂದು ಒಬ್ಬರು ಹೇಳಿದರೆ, ‘ಹಿಂದೆ ಇದಕ್ಕಿಂತ ಜೋರಿತ್ತು ಮಾರಾಯ್ರೇ’ ಎಂದು ಇನ್ನೊಬ್ಬರು ಹೇಳುತ್ತಾರೆ. ಈ ಚರ್ಚೆ ಪ್ರತಿ ವರ್ಷವೂ ನಡೆಯುತ್ತದೆ, ಪ್ರತಿ ವರ್ಷವೂ ತೀರ್ಮಾನವಾಗದೆ ಉಳಿಯುತ್ತದೆ.

ಆದರೆ ಸುಳ್ಯ, ಪುತ್ತೂರು ಸೀಮೆಯ ಕೆಲವು ಮನೆಗಳಲ್ಲಿ ಈ ಚರ್ಚೆಗೆ ಕೊನೆಯುಂಟು. ಮನೆಯ ಯಜಮಾನರು ಒಳಗೆ ಹೋಗಿ ಒಂದು ನೋಟುಪುಸ್ತಕ ತರುತ್ತಾರೆ. ಯಾವ ವರ್ಷ, ಯಾವ ತಿಂಗಳು, ಯಾವ ದಿನ ಎಷ್ಟು ಮಿಲಿಮೀಟರ್ ಮಳೆ ಬಂತು ಎಂಬುದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ. 1970ರ ದಶಕದಲ್ಲಿ ಆರಂಭಿಸಿದ ಈ ಲೆಕ್ಕವನ್ನು ಇಂದಿಗೂ ಮುಂದುವರಿಸಿಕೊಂಡು ಬಂದ ಕೃಷಿಕರು ಈ ತಾಲೂಕಿನಲ್ಲಿದ್ದಾರೆ. ಅವರಿಗೆ ಇದಕ್ಕಾಗಿ ಸಂಬಳವಿಲ್ಲ, ಸರ್ಕಾರದ ಆದೇಶವಿಲ್ಲ. ಹಾಗಾದರೆ ಬೆಳಿಗ್ಗೆ ಎದ್ದು, ಕೊಡೆ ಹಿಡಿದು ಅಂಗಳಕ್ಕಿಳಿದು, ಮಾಪಕದ ನೀರನ್ನು ಅಳೆದು ಬರೆದಿಡುವ ಈ ಕೆಲಸದಿಂದ ಅವರಿಗೆ ಸಿಗುವುದಾದರೂ ಏನು? ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ ಮಳೆ ಅಳೆದವರ ಚರಿತ್ರೆಯನ್ನು ತುಸು ನೋಡಬೇಕು.

ಅರಸರ ಲೆಕ್ಕ, ಹವ್ಯಾಸಿಗಳ ಲೆಕ್ಕ

ಮಳೆಯನ್ನು ಅಳೆಯುವ ಪದ್ಧತಿ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕೋಷ್ಠಾಗಾರದಲ್ಲಿ ಒಂದು ಅರತ್ನಿ, ಎಂದರೆ ಸುಮಾರು ಒಂದು ಮೊಳ, ಬಾಯಗಲದ ಕುಂಡವನ್ನು ಮಳೆ ಅಳೆಯುವುದಕ್ಕಾಗಿ ಇರಿಸಬೇಕೆಂಬ ಸೂಚನೆಯಿದೆ. ಕೊರಿಯಾದಲ್ಲಿ ಸೆಜೊಂಗ್ ದೊರೆಯ ಆಳ್ವಿಕೆಯಲ್ಲಿ, 1441ರ ಸುಮಾರಿಗೆ, ಮಳೆಮಾಪಕಗಳು ಬಳಕೆಗೆ ಬಂದವು. ನಮ್ಮಲ್ಲಿ 1864ರಲ್ಲಿ ಕಲ್ಕತ್ತಕ್ಕೆ ಅಪ್ಪಳಿಸಿದ ಚಂಡಮಾರುತ ಮತ್ತು ಅದರ ಬೆನ್ನಿಗೇ ಬಂದ ಬರಗಾಲಗಳ ತರುವಾಯ, 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಇವೆಲ್ಲವೂ ಆಳುವವರ ಲೆಕ್ಕ. ಮಳೆ ಎಷ್ಟು ಎಂದು ಗೊತ್ತಾದರೆ ಬೆಳೆ ಎಷ್ಟು, ಕಂದಾಯ ಎಷ್ಟು, ಕ್ಷಾಮದ ಭಯ ಎಷ್ಟು ಎಂಬುದನ್ನು ಅಂದಾಜು ಮಾಡಬಹುದಲ್ಲವೇ?

ಇದಕ್ಕಿಂತ ಬೇರೆಯಾದ ಇನ್ನೊಂದು ಪರಂಪರೆಯೂ ಇದೆ. ಯಾರೂ ಕೇಳದೆ, ಕೇವಲ ತಮ್ಮ ಕುತೂಹಲಕ್ಕಾಗಿ ಬರೆದಿಟ್ಟವರ ಪರಂಪರೆ ಅದು. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ 1751ರಲ್ಲಿ ತನ್ನ ತೋಟದ ಕೆಲಸಗಳನ್ನು ಒಂದು ಪುಸ್ತಕದಲ್ಲಿ ಬರೆಯತೊಡಗಿದ. ಯಾವ ದಿನ ಯಾವ ಬೀಜ ಬಿತ್ತಿದೆ, ಯಾವ ದಿನ ಮೊಳಕೆ ಬಂತು ಎಂಬಷ್ಟೇ ಮೊದಲಿಗೆ ಅದರಲ್ಲಿತ್ತು. 1768ರಿಂದ ಹಕ್ಕಿ, ಹುಳು, ಹೂ, ಗಾಳಿ, ಮಳೆ ಎಲ್ಲವೂ ಅವನ ದಿನಚರಿಗೆ ಬಂದವು. 1793ರಲ್ಲಿ ತೀರಿಕೊಳ್ಳುವವರೆಗೂ ಆತ ಬರೆಯುತ್ತಲೇ ಇದ್ದ.

ಈ ಅಭ್ಯಾಸ ವೈಟ್‌ನಿಗೆ ಕೊಟ್ಟದ್ದು ಎರಡು. ಒಂದು, ಹರಿತವಾದ ಕಣ್ಣು ಮತ್ತು ಕಿವಿ. ನೋಡುವುದಕ್ಕೆ ಒಂದೇ ತೆರನಾಗಿರುವ ಮೂರು ಪುಟ್ಟ ಹಕ್ಕಿಗಳು ವಾಸ್ತವವಾಗಿ ಮೂರು ಬೇರೆಬೇರೆ ಜಾತಿಯವು ಎಂಬುದನ್ನು ಆತ ಅವುಗಳ ಕೂಗಿನಿಂದಲೇ ಗುರುತಿಸಿದ. ಎರೆಹುಳು ಮಣ್ಣಿಗೆ ಎಷ್ಟು ಉಪಕಾರಿ ಎಂಬುದನ್ನು ಡಾರ್ವಿನ್‌ಗಿಂತ ಬಹಳ ಮೊದಲೇ ಬರೆದ. ಎರಡನೆಯದು, ಒಡನಾಟ. ಹಳ್ಳಿ ಬಿಟ್ಟು ಹೆಚ್ಚು ಹೊರಗೆ ಹೋಗದ ಈ ಮನುಷ್ಯನಿಗೆ ಥಾಮಸ್ ಪೆನ್ನಂಟ್, ಡೇನ್ಸ್ ಬ್ಯಾರಿಂಗ್ಟನ್ ಮುಂತಾದ ವಿದ್ವಾಂಸರು ಪತ್ರಮಿತ್ರರಾದದ್ದು ಈ ದಿನಚರಿಯ ಬಲದಿಂದಲೇ. ಅವರಿಗೆ ಬರೆದ ಪತ್ರಗಳೇ 1789ರಲ್ಲಿ ಪುಸ್ತಕವಾಗಿ ಬಂದವು. ಅದು ಇಂದಿಗೂ ಅಚ್ಚಾಗುತ್ತಿದೆ.

1783ರ ಬೇಸಗೆಯಲ್ಲಿ ಜೂನ್ 23ರಿಂದ ಜುಲೈ 20ರವರೆಗೆ ಆಕಾಶದಲ್ಲಿ ವಿಚಿತ್ರವಾದ ಮಬ್ಬು ಕವಿದಿತ್ತು, ಸೂರ್ಯನ ಬಣ್ಣವೇ ಬೇರೆಯಾಗಿತ್ತು ಎಂದು ವೈಟ್ ಬರೆದಿದ್ದಾನೆ. ಅದರ ಕಾರಣ ಅವನ ಹಳ್ಳಿಯವರಿಗೆ ತಿಳಿಯದು. ದೂರದ ಐಸ್‌ಲ್ಯಾಂಡಿನಲ್ಲಿ ಲಾಕಿ ಎಂಬಲ್ಲಿ ಜ್ವಾಲಾಮುಖಿ ಬಾಯ್ದೆರೆದದ್ದರ ಪರಿಣಾಮ ಅದು. ಅರ್ಥವಾಗದಿದ್ದರೂ ಕಂಡದ್ದನ್ನು ಕಂಡಂತೆ, ತಾರೀಖು ಹಾಕಿ ಬರೆದಿಟ್ಟಿದ್ದರಿಂದ ಅದು ಇಂದು ಚರಿತ್ರೆಯ ಸಾಕ್ಷಿಯಾಗಿದೆ.

ವೈಟ್ ಒಂಟಿಯಾಗಿ ಮಾಡಿದ್ದನ್ನು ಜಾರ್ಜ್ ಸೈಮನ್ಸ್ ಎಂಬಾತ ಮುಂದಿನ ಶತಮಾನದಲ್ಲಿ ಊರೂರಿಗೆ ಹಬ್ಬಿಸಿದ. 1860ರ ಸಾಲಿನ ಮಳೆ ಲೆಕ್ಕವನ್ನು 168 ಕಡೆಗಳಿಂದ ಸಂಗ್ರಹಿಸಿ ಆತ ಆರಂಭಿಸಿದ ಕೆಲಸ, 1900ರಲ್ಲಿ ಅವನು ಸಾಯುವ ಹೊತ್ತಿಗೆ ಮೂರು ಸಾವಿರಕ್ಕೂ ಮಿಕ್ಕಿ ಸ್ವಯಂಸೇವಕರ ಕೂಟವಾಗಿತ್ತು. ಪಾದ್ರಿಗಳು, ವೈದ್ಯರು, ತೋಟದ ಮಾಲಿಗಳು ಅದರಲ್ಲಿದ್ದರು. ಬರೆದ ಲೆಕ್ಕ ವರ್ಷಕ್ಕೊಮ್ಮೆ ಅಚ್ಚಾಗಿ ಬಂದಾಗ ತನ್ನ ಊರಿನ ಹೆಸರು, ಅದರ ಮುಂದೆ ತಾನು ಅಳೆದ ಅಂಕಿ ಕಾಣುತ್ತದಲ್ಲ, ಅಷ್ಟೇ ಅವರಿಗೆ ದೊರೆತ ಪ್ರತಿಫಲ.

ಜಪಾನಿನ ಕ್ಯೋಟೊ ನಗರದ ಕಥೆ ಇನ್ನೂ ಸೊಗಸಾದದ್ದು. ಅಲ್ಲಿನ ಆಸ್ಥಾನಿಕರು, ಸನ್ಯಾಸಿಗಳು ಚೆರ್ರಿ ಹೂ ಅರಳಿದಾಗ ನಡೆಯುವ ಸಂತೋಷಕೂಟಗಳನ್ನು ತಮ್ಮ ದಿನಚರಿಗಳಲ್ಲಿ ಬರೆದಿಟ್ಟರು. ಒಂಬತ್ತನೆಯ ಶತಮಾನದಿಂದ ಸಿಗುವ ಆ ತಾರೀಖುಗಳನ್ನು ವಿಜ್ಞಾನಿಗಳು ಒಟ್ಟುಗೂಡಿಸಿ ನೋಡಿದಾಗ, 2021ರ ಮಾರ್ಚ್ 26ರಂದು ಹೂ ತುಂಬಿ ಅರಳಿದ್ದು ಸುಮಾರು 1200 ವರ್ಷಗಳಲ್ಲೇ ಅತ್ಯಂತ ಬೇಗ ಎಂದು ಕಂಡುಬಂತು. ಭೂಮಿಯ ಬಿಸಿ ಏರುತ್ತಿದೆ ಎಂಬುದಕ್ಕೆ ಹೂ ನೋಡಲು ಹೋದವರ ದಿನಚರಿ ಪುರಾವೆಯಾಯಿತು.

ಅಡಿಕೆ ತೋಟದ ಪಾಠ

ಇನ್ನು ನಮ್ಮ ಊರಿನ ಮಾತು. ಮೂರೂವರೆ ಮೀಟರಿನ ಆಸುಪಾಸು, ಕೆಲವು ವರ್ಷ ಅದಕ್ಕೂ ಮೀರಿ ಮಳೆ ಸುರಿಯುವ ಈ ಸೀಮೆಯಲ್ಲಿ ಅಡಿಕೆ ಬೆಳೆಗಾರನಿಗೆ ಮಳೆಗಾಲವೆಂದರೆ ಕೊಳೆರೋಗದ ಕಾಲ. ಎಡೆಬಿಡದ ಮಳೆ, ತಂಪು ಹವೆ ಸೇರಿದರೆ ಶಿಲೀಂಧ್ರದಂಥ ಸೂಕ್ಷ್ಮಜೀವಿ ಹಬ್ಬಿ ಎಳೆಗಾಯಿಗಳು ಕೊಳೆತು ಬುಡದಲ್ಲಿ ಉದುರುತ್ತವೆ. ಮೈಸೂರು ಸಂಸ್ಥಾನದಲ್ಲಿ 1908ರಿಂದ ಕೆಲಸ ಮಾಡಿದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬಗ್ಗೆ ಅಧ್ಯಯನ ನಡೆಸಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು ಅಡಿಕೆಗೂ ಸಿಂಪಡಿಸಬಹುದೆಂದು ತೋರಿಸಿದರು. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್ ಎಂಬ ಈ ಮದ್ದಿನ ಲೆಕ್ಕ ಇಂದು ತೋಟವಿರುವ ಮನೆಯ ಮಕ್ಕಳಿಗೂ ಬಾಯಿಪಾಠ.

ಮದ್ದಿನ ಲೆಕ್ಕ ಸುಲಭ, ಅದನ್ನು ಸಿಂಪಡಿಸುವ ದಿನದ ಲೆಕ್ಕ ಕಷ್ಟ. ಮಳೆ ಹಿಡಿಯುವ ಮೊದಲು ಒಂದು ಸಲ, ಅಲ್ಲಿಂದ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಸಿಂಪಡಿಸಬೇಕು. ಎರಡನೆಯ ಸಲಕ್ಕೆ ಮಳೆ ಬಿಡುವು ಕೊಡಬೇಕು. ಪತ್ತನಾಜೆ ಕಳೆದ ಎಷ್ಟು ದಿನಕ್ಕೆ ಮಳೆ ಹಿಡಿಯುತ್ತದೆ, ಪುನರ್ವಸು ಮಳೆಗೂ ಪುಷ್ಯ ಮಳೆಗೂ ನಡುವೆ ಬಿಸಿಲು ಕಾಣುವುದುಂಟೇ ಎಂಬುದನ್ನು ಹಿರಿಯರು ನೆನಪಿನಿಂದ ಹೇಳುತ್ತಿದ್ದರು. ನೆನಪು ದೊಡ್ಡ ಮಳೆಯನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ, ಸಾಧಾರಣ ಮಳೆಯನ್ನು ಮರೆತುಬಿಡುತ್ತದೆ. ಹೀಗಾಗಿಯೇ ಕೆಲವರು ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ‘ಮಳೆ’, ‘ಜೋರು ಮಳೆ’, ‘ಬಿಸಿಲು’ ಎಂದು ಗುರುತು ಹಾಕತೊಡಗಿದರು. ಅವರಲ್ಲಿ ಕೆಲವರು ಮಾಪಕ ತಂದಿಟ್ಟರು. ಲಾಭಕ್ಕಾಗಿ ಆರಂಭವಾದ ಕೆಲಸ ವರ್ಷ ಕಳೆದಂತೆ ಹವ್ಯಾಸವಾಯಿತು.

ಮಾಪಕದ ತತ್ವ ಬಹಳ ಸರಳ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಇನ್ನೂರು ಚದರ ಸೆಂಟಿಮೀಟರ್ ಬಾಯಿಯ ಮಾಪಕದಲ್ಲಿ ಇಪ್ಪತ್ತು ಮಿಲಿಲೀಟರ್ ನೀರು ಸಿಕ್ಕಿದರೆ ಒಂದು ಮಿಲಿಮೀಟರ್ ಮಳೆ ಎಂದು ಅರ್ಥ. ಮಾಪಕ ಮರದ ಕೆಳಗೆ, ಸೂರಿನ ಪಕ್ಕ ಇರಬಾರದು. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ. ದಿನಕ್ಕೆ ಎರಡೂವರೆ ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ಅದು ‘ಮಳೆಯ ದಿನ’. ಪ್ರತಿದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಮಳೆ ಬಾರದ ದಿನ ಸೊನ್ನೆಯನ್ನೂ ಬರೆಯುವ ತಾಳ್ಮೆಯೇ ಈ ಹವ್ಯಾಸಕ್ಕೆ ಬೇಕಾದ ಬಂಡವಾಳ.

ನೋಟುಪುಸ್ತಕದಿಂದ ಅಚ್ಚಿಗೆ

ಹೀಗೆ ಮನೆಯೊಳಗೆ ಉಳಿದಿದ್ದ ಬರಹಕ್ಕೆ ಹೊರಗಿನ ದಾರಿ ತೋರಿಸಿದ್ದು ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’. ಅಖಿಲ ಭಾರತ ಅಡಿಕೆ ಬೆಳೆಗಾರರ ಸಂಘದ ಆಶ್ರಯದಲ್ಲಿ 1988ರಲ್ಲಿ ಆರಂಭವಾದ ಈ ಮಾಸಪತ್ರಿಕೆಯನ್ನು ಶ್ರೀ ಪಡ್ರೆ ಮತ್ತವರ ಸಂಗಡಿಗರು ಕಟ್ಟಿ ಬೆಳೆಸಿದರು. ‘ಕೃಷಿಕರ ಕೈಗೆ ಲೇಖನಿ’ ಎಂಬುದು ಅದರ ಧ್ಯೇಯ. ಅಲ್ಲಿಯವರೆಗೆ ಕೃಷಿ ಲೇಖನವೆಂದರೆ ತಜ್ಞರು ಬರೆಯುವುದು, ರೈತರು ಓದುವುದು ಎಂದೇ ಆಗಿತ್ತು. ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರವಿತ್ತು, ಕಾಸರಗೋಡಿನಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಿತ್ತು. ಆದರೆ ತನ್ನ ತೋಟದಲ್ಲಿ ತಾನೇ ಮಾಡಿ ನೋಡಿದ್ದನ್ನು ಬೆಳೆಗಾರನೇ ಬರೆಯಬಹುದು ಎಂಬ ಧೈರ್ಯ ಹೊಸದು.

ಬರೆಯಲು ಕುಳಿತಾಗಲೇ ಬಹುಮಂದಿಗೆ ತಮಗೆ ಗೊತ್ತಿಲ್ಲದ್ದು ಏನೆಂಬುದು ಗೊತ್ತಾಗುವುದು. ‘ತುಂಬ ಇಳುವರಿ ಬಂತು’ ಎಂದು ಜಗಲಿಯಲ್ಲಿ ಹೇಳಬಹುದು, ಕಾಗದದ ಮೇಲೆ ಎಷ್ಟು ಮರಕ್ಕೆ ಎಷ್ಟು ಕಿಲೋ ಎಂದು ಬರೆಯಬೇಕು. ಹಾಗೆ ಬರೆಯಬೇಕಾದರೆ ತೋಟಕ್ಕೆ ಹೋಗಿ ಎಣಿಸಬೇಕು. ಎಣಿಸುವಾಗ ಇದುವರೆಗೆ ಗಮನಿಸದ ಒಂದು ಮರ, ಒಂದು ರೋಗ, ಒಂದು ಹುಳ ಕಣ್ಣಿಗೆ ಬೀಳುತ್ತದೆ. ಓದುಗರಿಗೆ ತಲಪುವ ಮೊದಲೇ ಬರಹ ಬರೆದವನಿಗೆ ಪಾಠ ಹೇಳಿ ಮುಗಿಸಿರುತ್ತದೆ. ಆಮೇಲೆ ಪತ್ರಗಳು ಬರುತ್ತವೆ, ತೋಟ ನೋಡಲು ಜನ ಬರುತ್ತಾರೆ, ತಮ್ಮಲ್ಲೂ ಹೀಗೆ ಆಗಿದೆ ಎನ್ನುವ ಇನ್ನೊಬ್ಬರು ಸಿಗುತ್ತಾರೆ. ತೋಟಗಳು ದೂರದೂರವಿದ್ದು ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗುಡ್ಡವೇ ಇರುವ ಈ ಸೀಮೆಯಲ್ಲಿ ಇಂಥ ಒಡನಾಟದ ಬೆಲೆ ದೊಡ್ಡದು. ಸೆಲ್ಬೋರ್ನಿನ ಪಾದ್ರಿಗೆ ದೊರೆತದ್ದೂ ಇದೇ ಅಲ್ಲವೇ?

ಕಳೆದುಹೋಗುವ ಮುನ್ನ

ಈ ಪುಸ್ತಕಗಳ ಅಗತ್ಯ ಇಂದು ಮೊದಲಿಗಿಂತ ಹೆಚ್ಚಾಗಿದೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡಗಳು ಕುಸಿದು ಮಡಿಕೇರಿ ರಸ್ತೆ ಮುಚ್ಚಿಹೋಯಿತು, ಜನ ಮನೆಮಠ ಬಿಟ್ಟು ಸಂಪಾಜೆ, ಅರಂತೋಡುಗಳ ಕಡೆಗೆ ಇಳಿದು ಬಂದರು. 2022ರ ಆಗಸ್ಟಿನಲ್ಲಿ ಕಲ್ಲುಗುಂಡಿಗೆ ನೆರೆ ನುಗ್ಗಿತು. ಒಂದು ಕಣಿವೆಯಲ್ಲಿ ಎಷ್ಟು ದಿನ, ಎಷ್ಟು ಮಳೆ ಬಿದ್ದರೆ ಮಣ್ಣು ಸಡಿಲವಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಹಳೆಯ ಲೆಕ್ಕ ಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಈಗ ಗ್ರಾಮ ಪಂಚಾಯತ್ ಮಟ್ಟದಲ್ಲಿ ಸ್ವಯಂಚಾಲಿತ ಮಾಪಕಗಳನ್ನು ಇರಿಸಿದೆ, ಇದು ಒಳ್ಳೆಯ ಕೆಲಸವೇ. ಆದರೆ ಆ ಯಂತ್ರಗಳ ವಯಸ್ಸು ಚಿಕ್ಕದು. ನಲವತ್ತು ಐವತ್ತು ವರ್ಷಗಳ ಹಿಂದೆ ಈ ಗುಡ್ಡದ ಬುಡದಲ್ಲಿ ಎಷ್ಟು ಮಳೆಯಾಗಿತ್ತೆಂದು ಅವು ಹೇಳಲಾರವು. ಅದನ್ನು ಹೇಳಬಲ್ಲದ್ದು ಯಾರದೋ ಮನೆಯ ನೋಟುಪುಸ್ತಕ.

ಅಡಿಕೆಯ ಹಳದಿ ಎಲೆ ರೋಗದ ವಿಷಯವೂ ಹಾಗೆಯೇ. ಕೇರಳದಲ್ಲಿ 1914ರಷ್ಟು ಹಿಂದೆಯೇ ವರದಿಯಾಗಿದ್ದ ಈ ರೋಗ ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ದಶಕಗಳಿಂದ ತಿನ್ನುತ್ತಾ ಬಂದಿದೆ. ಇದಕ್ಕೆ ಖಚಿತವಾದ ಮದ್ದು ಇನ್ನೂ ಸಿಕ್ಕಿಲ್ಲ. ಯಾವ ತೋಟದಲ್ಲಿ ಮೊದಲು ಎಲೆ ಹಳದಿಯಾಯಿತು, ಎಷ್ಟು ವರ್ಷದಲ್ಲಿ ಪಕ್ಕದ ತೋಟಕ್ಕೆ ದಾಟಿತು, ಯಾವ ಮರ ರೋಗದ ನಡುವೆಯೂ ಹಸಿರಾಗಿ ಉಳಿಯಿತು ಎಂಬುದನ್ನು ನೋಡಿದವರು ಬೆಳೆಗಾರರೇ. ಹಾಗೆ ಉಳಿದ ಮರಗಳಿಂದಲೇ ರೋಗ ತಾಳಿಕೊಳ್ಳುವ ತಳಿ ಹುಡುಕಬೇಕಾಗಿದೆ. ನೋಡಿದ್ದನ್ನು ಬರೆದಿಡದಿದ್ದರೆ ಅವರೊಂದಿಗೇ ಆ ತಿಳಿವಳಿಕೆ ಮುಗಿಯುತ್ತದೆ.

ದುಃಖದ ಸಂಗತಿಯೆಂದರೆ ಬರೆದಿಟ್ಟದ್ದೂ ಉಳಿಯುವುದು ಕಷ್ಟ. ಗೆದ್ದಲು, ಮಳೆಗಾಲದ ತೇವ, ಮನೆ ಕೆಡವಿ ಕಟ್ಟುವಾಗಿನ ಗಡಿಬಿಡಿ ಇವುಗಳ ಜೊತೆಗೆ, ಬೆಂಗಳೂರಿನಲ್ಲಿ ನೆಲೆಸಿದ ಮಕ್ಕಳಿಗೆ ಅಜ್ಜನ ಅಂಕಿಗಳು ಏನೆಂಬುದೇ ತಿಳಿಯದಿರುವುದೂ ಒಂದು ಕಾರಣ. ಹತ್ತಿರದ ಕಾಲೇಜೋ, ಸಹಕಾರಿ ಸಂಘವೋ, ಪಂಚಾಯತ್ ಗ್ರಂಥಾಲಯವೋ ಇಂಥ ಪುಸ್ತಕಗಳ ಪ್ರತಿ ಮಾಡಿಸಿ ಇಟ್ಟುಕೊಳ್ಳುವುದು ದುಬಾರಿ ಕೆಲಸವೇನಲ್ಲ.

ಬರೆಯುವವರಾದರೋ ಲೋಕೋಪಕಾರಕ್ಕೆಂದು ಬರೆದವರಲ್ಲ. ಮಳೆ ಅಳೆಯುವವನಿಗೆ ಮಳೆ ಬರೀ ಕಿರಿಕಿರಿಯಾಗಿ ಉಳಿಯುವುದಿಲ್ಲ, ನಿನ್ನೆಯದಕ್ಕೂ ಇಂದಿನದಕ್ಕೂ ವ್ಯತ್ಯಾಸ ಕಾಣುತ್ತದೆ. ತನ್ನ ನೆನಪು ಎಲ್ಲೆಲ್ಲಿ ತಪ್ಪುತ್ತದೆ ಎಂಬ ಅರಿವಾಗಿ ಮಾತಿಗೆ ಹಿಡಿತ ಬರುತ್ತದೆ. ಬೆಳಿಗ್ಗೆ ‘ನಿಮ್ಮಲ್ಲಿ ಎಷ್ಟು?’ ಎಂದು ಕೇಳುವ ನಾಲ್ಕು ಮಂದಿ ಸ್ನೇಹಿತರು ಸಿಗುತ್ತಾರೆ. ಮೊದಲು ಅದು ದೂರವಾಣಿಯಲ್ಲಿ ನಡೆಯುತ್ತಿತ್ತು, ಈಗ ಮೊಬೈಲಿನಲ್ಲಿ ಸಂದೇಶವಾಗಿ ಬರುತ್ತದೆ. ಈ ಸೀಮೆಯ ಮಳೆ ನೀರಿನ ಒಂದು ಪಾಲು ಪಯಸ್ವಿನಿ ಸೇರಿ, ಚಂದ್ರಗಿರಿ ಎಂಬ ಹೆಸರಿನಲ್ಲಿ ಕಾಸರಗೋಡಿನ ಬಳಿ ಕಡಲಿಗೆ ಹೋಗುತ್ತದೆ. ಎಷ್ಟು ಹೋಯಿತೆಂಬ ಲೆಕ್ಕ ಕೆಲವು ಮನೆಗಳಲ್ಲಿ ಉಳಿದಿದೆ. ಪತ್ತನಾಜೆಯ ಮೊದಲು ಒಂದು ಮಾಪಕ, ಒಂದು ನೋಟುಪುಸ್ತಕ ತಂದಿಟ್ಟುಕೊಂಡರೆ ಅಂಥ ಮನೆ ಇನ್ನೊಂದು ಹೆಚ್ಚುತ್ತದೆ.