ಅಂಜದೀವದ ನಾವಿಕರೂ ನಿಂಬೆಯ ಹಣ್ಣೂ

ಕಡಲಿನ ಸದ್ದೇ ಕೇಳಿಸದ ಬಮ್ಮಿಗಟ್ಟಿಯಲ್ಲಿ ಕುಳಿತು ನಾವಿಕರ ರೋಗಚಿಕಿತ್ಸೆಯ ಚರಿತ್ರೆಯನ್ನು ಬರೆಯುವುದು ವಾಚಕಮಹಾಶಯರಿಗೆ ವಿಚಿತ್ರವಾಗಿ ತೋರಬಹುದು. ಆದರೆ ನಮ್ಮ ಕಲಘಟಗಿಯ ಸೀಮೆಯಿಂದ ಪಶ್ಚಿಮಕ್ಕೆ ಸಾಗಿ ಘಟ್ಟವನ್ನಿಳಿದರೆ ಕಾರವಾರವು ದೊರೆಯುವುದು. ಅದರ ಸಮೀಪದಲ್ಲಿರುವ ಅಂಜದೀವವೆಂಬ ಪುಟ್ಟ ನಡುಗಡ್ಡೆಯು ಆ ಚರಿತ್ರೆಯ ಒಂದು ಘೋರ ಪ್ರಕರಣಕ್ಕೆ ಸಾಕ್ಷಿಯಾಗಿದೆ.

ವಾಸ್ಕೊ ದ ಗಾಮನು 1498ನೆಯ ಇಸವಿಯ ಏಪ್ರಿಲ್ 24ಕ್ಕೆ ಆಫ್ರಿಕೆಯ ಮಾಲಿಂದಿಯನ್ನು ಬಿಟ್ಟು, ಅನುಕೂಲವಾದ ಗಾಳಿಯಿಂದ 26 ದಿನಗಳಲ್ಲಿ ಕಲ್ಲಿಕೋಟೆಯನ್ನು ಮುಟ್ಟಿದನು. ಮರಳುವಾಗ ಅಂಜದೀವದಲ್ಲಿ ತಂಗಿ, ಹಡಗುಗಳ ತಳವನ್ನು ಸರಿಪಡಿಸಿ, ನೀರು ತುಂಬಿಸಿಕೊಂಡು, ಅಕ್ಟೋಬರ್ 5ಕ್ಕೆ ಹೊರಟನು. ಈಶಾನ್ಯದ ಗಾಳಿಯು ಇನ್ನೂ ನೆಲೆಗೊಂಡಿರಲಿಲ್ಲ. 26 ದಿನಗಳ ಹಾದಿಗೆ ಈ ಸಲ ಹೆಚ್ಚುಕಡಿಮೆ ಮೂರು ತಿಂಗಳುಗಳೇ ಹಿಡಿದವು. ಜನರ ವಸಡುಗಳು ಬಾತು ಹಲ್ಲಿನ ಮೇಲೆ ಬೆಳೆದವು, ಉಣ್ಣುವುದೇ ಅಸಾಧ್ಯವಾಯಿತು, ಕಾಲುಗಳು ಊದಿಕೊಂಡವು. ಮೂವತ್ತು ಜನರು ಸತ್ತರು. ಅಷ್ಟೇ ಜನರು ಮೊದಲೇ ಸತ್ತಿದ್ದರು. ಹಡಗೊಂದಕ್ಕೆ ಏಳೆಂಟು ಜನರು ಮಾತ್ರ ಕೈಕಾಲು ಆಡಿಸಬಲ್ಲವರಾಗಿ ಉಳಿದರು. ನಡೆಸುವವರಿಲ್ಲದ ಕಾರಣ 1499ರ ಜನವರಿಯಲ್ಲಿ ಒಂದು ಹಡಗನ್ನು ತಾವೇ ಸುಟ್ಟುಹಾಕಿದರು.

ಈ ರೋಗಕ್ಕೆ ಸ್ಕರ್ವಿ ಎಂದು ಹೆಸರು. ಸುಶ್ರುತನು ಹೇಳುವ 'ಶೀತಾದ'ದಲ್ಲಿಯೂ ವಸಡು ರಕ್ತಸ್ರಾವವಾಗಿ ಕೊಳೆಯುವುದುಂಟು. ಆದರೆ ಲಕ್ಷಣಸಾಮ್ಯ ಮಾತ್ರದಿಂದ ಅದೇ ಇದೆಂದು ಹೇಳುವುದು ಶಾಸ್ತ್ರವಲ್ಲ. ಹಸಿಯ ಹಣ್ಣು-ಕಾಯಿಪಲ್ಲೆಗಳಲ್ಲಿರುವ 'ಸಿ' ಜೀವಸತ್ವವು ಎರಡು ಮೂರು ತಿಂಗಳು ದೊರೆಯದೆ ಹೋದರೆ ದೇಹದ ಸಂಧಾನವೇ ಸಡಿಲುವುದು. ಹೋಗುವಾಗ ಮೊಂಬಾಸದಲ್ಲಿ ಇದೇ ರೋಗಿಗಳು ಗುಣಹೊಂದಿದ್ದರು. ಅಲ್ಲಿಯ ಅರಸನು ಕಿತ್ತಳೆ ನಿಂಬೆಗಳನ್ನು ಕಳುಹಿಸಿದ್ದನು. ದಿನಚರಿಯನ್ನು ಬರೆದವನಾದರೋ ಆ ಸುಗುಣವನ್ನು ಊರಿನ ಹವೆಗೆ ಆರೋಪಿಸಿದನು! ಹಿಂದಿರುಗಿ ಮಾಲಿಂದಿಗೆ ಬಂದಾಗ ರೋಗಿಗಳೇ ಕಿತ್ತಳೆಗೆ ಹಂಬಲಿಸಿದರು. ಹಲವರಿಗೆ ಅದು ವೇಳೆ ಮೀರಿ ಬಂದಿತು. ನಮ್ಮ ಹಿತ್ತಲಲ್ಲಿ ಉದುರಿ ಬೀಳುವ ನಿಂಬೆಯ ರಸವನ್ನು ಪೀಪಾಯಿಗಳಲ್ಲಿ ತುಂಬಿಕೊಂಡು ಹೋಗಬೇಕೆಂಬ ವಿಚಾರವು ಅವರಿಗಿರಲಿಲ್ಲ.

ಸ್ಕಾಟ್ಲಂಡಿನ ವೈದ್ಯನಾದ ಜೇಮ್ಸ್ ಲಿಂಡನು 1747ರಲ್ಲಿ ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಬೇರೆ ಬೇರೆ ಉಪಚಾರವನ್ನು ಮಾಡಿ ನೋಡಿದನು. ಕಿತ್ತಳೆ ನಿಂಬೆ ತಿಂದವರಲ್ಲಿ ಒಬ್ಬನು ಆರು ದಿನಗಳಲ್ಲಿ ಕೆಲಸಕ್ಕೆ ಯೋಗ್ಯನಾದನು. ಆದರೂ ಆಂಗ್ಲ ನೌಕಾಧಿಕಾರಿಗಳು ನಿಂಬೆಯ ರಸವನ್ನು ಹಂಚಲು ಅಪ್ಪಣೆ ಕೊಟ್ಟಿದ್ದು 1795ರಲ್ಲಿ. ನಲವತ್ತೆಂಟು ವರ್ಷಗಳ ಆ ವಿಳಂಬಕ್ಕೆ ಎಷ್ಟು ಮನೆಗಳ ಮಕ್ಕಳು ಬಲಿಯಾದರೋ!

ಅಂಜದೀವವೇ ಆರೋಗ್ಯಸ್ಥಾನವೆಂದು ಭ್ರಮಿಸಬಾರದು. 1662ರಲ್ಲಿ ಮುಂಬಯಿಯನ್ನು ವಶಪಡಿಸಿಕೊಳ್ಳಲು ಬಂದ ಆಂಗ್ಲರ ಸುಮಾರು 400 ಸೈನಿಕರಿಗೆ ಪೋರ್ತುಗೀಜರು ಊರನ್ನು ಒಪ್ಪಿಸದಿರಲು, ಅವರು ಇಲ್ಲಿ ಬಂದು ನೆಲೆಸಿದರು. ಅವರ ನಾಯಕ ಅಬ್ರಾಹಂ ಶಿಪ್ಮನ್ನನು 1664ರಲ್ಲಿ ಇಲ್ಲಿಯೇ ತೀರಿಕೊಂಡನು. ಮರುವರ್ಷ ಮುಂಬಯಿಗೆ ಹೋದವರು ನೂರು ಜನರಷ್ಟೆ.

ಪರದೇಶದಲ್ಲಿ ಬಿದ್ದ ನಾವಿಕನಿಗೆ ಆಸರೆಯೆಂದರೆ ಗೋವೆಯ ರಾಜಾಸ್ಪತ್ರೆ. 1608ರಲ್ಲಿ ರುಗ್ಣನಾಗಿ ಅಲ್ಲಿ ಸೇರಿದ ಫ್ರೆಂಚ್ ನಾವಿಕ ಪಿರಾರನು ಅದನ್ನು ಮನಸಾರೆ ಕೊಂಡಾಡಿದ್ದಾನೆ. ಅದಕ್ಕೂ ಮೊದಲು ಗೋವೆಯಲ್ಲಿದ್ದ ಡಚ್ಚರ ಲಿನ್ಸ್ಕೋಟನನು, ರಾಜಪ್ರತಿನಿಧಿಯೂ ಪಾದ್ರಿಗಳೂ ತಮ್ಮ ವೈದ್ಯರಿಗಿಂತ ಈ ದೇಶದ ಪಂಡಿತರನ್ನೇ ಹೆಚ್ಚು ನೆಚ್ಚುತ್ತಿದ್ದರೆಂದು ಬರೆದಿದ್ದಾನೆ. ಇದನ್ನೋದಿ ನನ್ನಂಥ ಪಾಠಶಾಲೆಯವನಿಗೆ ಹರ್ಷವಾದುದನ್ನು ಮುಚ್ಚಿಡಲಾರೆ.

ಆದರೆ ಆಸ್ಪತ್ರೆಯಿಲ್ಲದ ತೀರದಲ್ಲಿ, ಅಥವಾ ನಡುಗಡಲಿನಲ್ಲಿ, ಯಾರು ದಿಕ್ಕು? 1935ರಲ್ಲಿ ರೋಮಿನಲ್ಲಿ ಹಡಗಿನವರಿಗೆ ನಿಸ್ತಂತುವಿನ ಮೂಲಕ ವೈದ್ಯಸಲಹೆ ಕೊಡುವ ಕೇಂದ್ರವು ಸ್ಥಾಪಿತವಾಯಿತು. 2006ರ ಅಂತರರಾಷ್ಟ್ರೀಯ ನಾವಿಕಶ್ರಮ ಒಡಂಬಡಿಕೆಯನ್ನು ಭಾರತವು 2015ರಲ್ಲಿ ಅಂಗೀಕರಿಸಿತು. ಅದರಂತೆ ನಾವಿಕನು ಕೆಲಸದಲ್ಲಿದ್ದಾಗ ರುಗ್ಣನಾದರೆ ಚಿಕಿತ್ಸೆಯ ವೆಚ್ಚವು ಹಡಗಿನ ಒಡೆಯನದು. ದೇಶದ ಕಾನೂನು ಅದಕ್ಕೆ ಮಿತಿ ಹಾಕಿದರೂ 16 ವಾರಗಳಿಗಿಂತ ಕಡಿಮೆ ಮಾಡುವಂತಿಲ್ಲ. ಮೂರು ದಿನಗಳನ್ನು ಮೀರಿದ ಪರದೇಶದ ಪಯಣದಲ್ಲಿ ನೂರು ಜನರಿದ್ದರೆ ವೈದ್ಯನಿರಬೇಕು. ಸರಕಿನ ಹಡಗಿನಲ್ಲಿಯಾದರೋ ಇಪ್ಪತ್ತು ಇಪ್ಪತ್ತೈದು ಜನರಿರುವುದು ವಾಡಿಕೆ. ಅಲ್ಲಿ ಚಿಕಿತ್ಸೆಯನ್ನು ಕಲಿತ ಒಬ್ಬ ಅಧಿಕಾರಿ, ಒಂದು ಔಷಧದ ಪೆಟ್ಟಿಗೆ, ಮತ್ತು ದೂರದ ದಡದಿಂದ ಕೇಳಿಬರುವ ವೈದ್ಯನ ಧ್ವನಿ, ಇಷ್ಟೇ ಇರುವುದು.