ಹಟ್ಟಿಯ ಮಾಮಾ ನೋಡಿದ ಸ್ಟಾರ್ ಟ್ರೆಕ್

‘ಸ್ಟಾರ್ ಟ್ರೆಕ್’ ಸರಣಿಯ ‘ದಿ ಡೆವಿಲ್ ಇನ್ ದಿ ಡಾರ್ಕ್’ ಕಂತು ಹೊರಗಿನವರಿಗೆ ಬಾಹ್ಯಾಕಾಶದ ಕಥೆ. ಕೃಷ್ಣೆ, ತುಂಗಭದ್ರೆಯರ ನಡುವಿನ ದೋಆಬಿನವರಿಗೆ ಅದು ಗಣಿಯ ಕಥೆ. ಜೀನ್ ಎಲ್. ಕೂನ್ ಬರೆದು ಜೋಸೆಫ್ ಪೆವ್ನಿ ನಿರ್ದೇಶಿಸಿದ ಈ ಕಂತು ಅಮೆರಿಕದಲ್ಲಿ ಮೊದಲು ಪ್ರಸಾರವಾದದ್ದು 1967ರ ಮಾರ್ಚ್ 9ರಂದು. ಎಂಬತ್ತರ ದಶಕದಲ್ಲಿ ದೂರದರ್ಶನ ಭಾನುವಾರ ಬೆಳಿಗ್ಗೆ ಈ ಸರಣಿಯನ್ನು ತೋರಿಸುತ್ತಿದ್ದಾಗ ನಾನು ಮಾನ್ವಿಯಲ್ಲಿ ವಿಜ್ಞಾನದ ಮಾಸ್ತರ. ಮಾತು ಅರ್ಧ ತಿಳಿದರೂ ಅದರೊಳಗಿನ ಅನ್ಯಗ್ರಹದ ಅಧಿಕಾರಿ ಸ್ಪಾಕನ ಚೂಪು ಕಿವಿ ಸಾಕಿತ್ತು. ಈ ಕಂತು ಮಾತ್ರ ನೋಡಲು ಸಿಕ್ಕಿದ್ದು ನಿವೃತ್ತನಾಗಿ ರಾಯಚೂರಿಗೆ ಬಂದ ಮೇಲೆ, ಮೊಬೈಲಿನಲ್ಲಿ. ಪಕ್ಕದಲ್ಲಿ ದೇವದುರ್ಗದ ನಮ್ಮ ಸೋದರಮಾವ ಕೂತಿದ್ದರು. ಹಟ್ಟಿಯ ಚಿನ್ನದ ಗಣಿಯಲ್ಲಿ ಡ್ರಿಲ್ ಹಿಡಿದು ದುಡಿದವರು.

ಕಥೆ ನಡೆಯುವುದು ಜಾನಸ್-6 ಎಂಬ ಗ್ರಹದಲ್ಲಿ. ಅಲ್ಲಿ ಪರ್ಜಿಯಂ ಎಂಬ ಖನಿಜ ತೆಗೆಯುತ್ತಾರೆ. ಹೊಸದೊಂದು ಲೆವೆಲ್ ತೆರೆದಾಗಿನಿಂದ ಕತ್ತಲಲ್ಲಿ ಯಾವುದೋ ಪ್ರಾಣಿ ಐವತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದಿದೆ. ಅದನ್ನು ಮುಗಿಸಲು ಅಂತರಿಕ್ಷ ನೌಕೆಯ ಕ್ಯಾಪ್ಟನ್ ಕರ್ಕ್‌ನ ತಂಡ ಬರುತ್ತದೆ. ಮೊದಲ ಹತ್ತು ನಿಮಿಷ ಮಾಮಾ ತಪ್ಪು ಎಣಿಸುತ್ತಲೇ ಇದ್ದರು. “ಏನಪಾ ಅಳಿಯಾ, ಗಣ್ಯಾಗ ಇಷ್ಟು ಬೆಳಕು ಎಲ್ಲಿರ್ತದ? ನೆಲ ನೋಡು, ಚಕ್ಕಡಿ ಓಡಿಸೋ ಹಂಗ ಸಪಾಟ ಅದ.” ಮಾತು ಸರಿ. ಸ್ಟುಡಿಯೋದ ನೆಲ ಎಲ್ಲ ಸುರಂಗದಲ್ಲೂ ಎದ್ದು ಕಾಣುತ್ತದೆ. ಹೋರ್ಟಾ ಎಂಬ ಆ ಪ್ರಾಣಿ ಬಂದಾಗ ನಕ್ಕೇಬಿಟ್ಟರು: “ಕಂಬಳಿ ಹೊತ್ಕೊಂಡು ಅಂಬೆಗಾಲಿಡೋ ಮನಿಷ್ಯಾ ಅಲ್ಲೇನು ಇದು?” ಅದೂ ಸರಿಯೇ. ಯಾನೋಶ್ ಪ್ರೊಹಾಸ್ಕಾ ಎಂಬ ಸಾಹಸ ಕಲಾವಿದ ತಾನೇ ಆ ವೇಷ ತಯಾರಿಸಿ, ತಾನೇ ಒಳಗೆ ಸೇರಿಕೊಂಡು ತೆವಳಿದ್ದ.

ಆಮೇಲೆ ನಗು ನಿಂತಿತು. ಗಣಿಯ ಮ್ಯಾನೇಜರನ ಮೇಜಿನ ಮೇಲೆ ನುಣುಪಾದ ಸಿಲಿಕಾನ್ ಗುಂಡೊಂದು ಇರುತ್ತದೆ. ಹೊಸ ಲೆವೆಲ್‌ನಲ್ಲಿ ಅಂಥವು ಸಾವಿರಾರು. ಕೆಲಸಕ್ಕೆ ಬಾರದ ಕಲ್ಲೆಂದು ಒಡೆದು ಹಾಕಿದ್ದಾರೆ. ಅವು ಹೋರ್ಟಾದ ಮೊಟ್ಟೆಗಳು. ಕಲ್ಲನ್ನು ಆಮ್ಲದಿಂದ ಕರಗಿಸಿಕೊಂಡು ಓಡಾಡುವ ಆ ಜೀವದ ಮೈ ಇಂಗಾಲದ್ದಲ್ಲ, ಸಿಲಿಕಾನಿನದು. ಸ್ಪಾಕ್ ಅದರ ಮೈಮೇಲೆ ಕೈಯಿಟ್ಟು, ಮನಸ್ಸಿಗೆ ಮನಸ್ಸು ಕೂಡಿಸಿ, ನಿನಗೇನಾಯಿತು ಎಂದು ಕೇಳುತ್ತಾನೆ. ತಂಡದ ಡಾಕ್ಟರ್ ಮೆಕಾಯ್ ಅದರ ಗಾಯಕ್ಕೆ ಸಿಮೆಂಟ್ ಮೆತ್ತುತ್ತಾನೆ. ಮಾಮಾ ಫೋನ್ ಕೆಳಗಿಟ್ಟು, “ಅದರ ಮನ್ಯಾಗ ನಾವೇ ಹೊಕ್ಕು, ಅದಕ್ಕ ಕಳ್ಳ ಅಂತೀವಲ್ಲೋ” ಅಂದರು.

ನಮ್ಮ ಹಟ್ಟಿಯ ಚಿನ್ನವೂ ಇರುವುದು ಸಿಲಿಕಾನ್ ಮತ್ತು ಆಮ್ಲಜನಕ ಕೂಡಿದ ಬಿಳಿಕಲ್ಲಿನ ಎಳೆಗಳಲ್ಲೇ. ಒಂದು ಟನ್ ಕಲ್ಲು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ. ಆ ಎಳೆ ಹಿಡಿದು ಇಳಿದವರಲ್ಲಿ ನಾವು ಮೊದಲಿಗರಲ್ಲ. ಹಟ್ಟಿಯ ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳ ಕಾಲ ಪರೀಕ್ಷಿಸಿದಾಗ ಸುಮಾರು ಎರಡು ಸಾವಿರ ವರ್ಷದ ಲೆಕ್ಕ ಬಂತು. ಆ ಕಾಲದವರು ಪಂಪು, ಸಿಡಿಮದ್ದು ಏನೂ ಇಲ್ಲದೆ 600 ಅಡಿಗೂ ಆಳಕ್ಕೆ ಹೋಗಿದ್ದರು. ಬಂಡೆಗೆ ಸೌದೆ ಒಟ್ಟಿ ಉರಿ ಹಚ್ಚುವುದು, ಕಾದ ಕಲ್ಲಿಗೆ ನೀರು ಸುರಿದು ಸೀಳುವುದು, ಬುಟ್ಟಿಯಲ್ಲಿ ಹೊತ್ತು ಮೇಲೆ ತರುವುದು. ಹೊಗೆ ತುಂಬಿದ ಆ ಕಿಂಡಿಯಲ್ಲಿ ಇಳಿದವರ ಒಂದು ಹೆಸರೂ ಉಳಿದಿಲ್ಲ. ಹತ್ತಿರದ ಮಸ್ಕಿಯ ಬಂಡೆಯಲ್ಲಿ ದೊರೆಯ ಹೆಸರು ಮಾತ್ರ ಉಳಿದಿದೆ. ಅಶೋಕನನ್ನು ಹೆಸರು ಹಿಡಿದು ಕರೆಯುವ ಆ ಶಾಸನವನ್ನು 1915ರಲ್ಲಿ ಕಂಡವನೂ ಚಿನ್ನದ ಗಣಿಯ ಎಂಜಿನಿಯರ್, ಬೀಡನ್ ಎಂಬಾತ.

ನಿಜಾಮರ ಕಾಲದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್‌ನ ಬ್ರಿಟಿಷರು ಬಂದರು, ತೋಡಿದರು, 1920ರ ಹೊತ್ತಿಗೆ ಗಣಿ ಮುಚ್ಚಿ ಹೋದರು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಹುಟ್ಟಿತು. ಅದೇ ಇಂದಿನ ಹಟ್ಟಿ ಚಿನ್ನದ ಗಣಿ ಕಂಪನಿ. 2001ರಲ್ಲಿ ಕೋಲಾರದ ಗಣಿ ಬಾಗಿಲು ಹಾಕಿದ ಮೇಲೆ ದೇಶದ ದೊಡ್ಡ ಚಿನ್ನದ ಗಣಿ ಎಂದರೆ ಹಟ್ಟಿಯೇ. ದೇವದುರ್ಗ ತಾಲ್ಲೂಕಿನ ಊಟಿಯಲ್ಲಿ ಸುರಂಗವಿಲ್ಲದೆ ಮೇಲಿನಿಂದಲೇ ಅಗೆದದ್ದೂ ಇದೇ ಕಂಪನಿ.

ವಿಜ್ಞಾನ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ 1995ರಲ್ಲಿ, ಹಳೆಯ ಸ್ಟಾರ್ ಟ್ರೆಕ್‌ನಲ್ಲಿ ತಮಗೆ ನೆನಪಿರುವುದು ಈ ಒಂದೇ ಕಂತು ಎಂದಿದ್ದರು. ವಿಚಿತ್ರವಾದದ್ದು, ಅಪಾಯದ್ದು ಕೂಡ ಕೆಟ್ಟದ್ದೇ ಆಗಿರಬೇಕಿಲ್ಲ ಎಂಬ ವಿಚಾರ ಅವರಿಗೆ ಹಿಡಿಸಿತ್ತು. ಕ್ಲಾರ್ಕ್‌ಗೂ ನಮ್ಮ ಜಿಲ್ಲೆಗೂ ನಂಟುಂಟು. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳಿಂದ ಭೂಮಿಗೆಲ್ಲ ಪ್ರಸಾರ ಮಾಡಬಹುದೆಂದು 1945ರಲ್ಲೇ ಬರೆದವರು ಅವರು. 1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೋ, ನಾಸಾದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಮುಟ್ಟಿಸಿತು. ಕರ್ನಾಟಕದ ಪಾಲಿಗೆ ಬಂದದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಂಗಳೂರು ಟಿವಿ ಕಂಡದ್ದು 1981ರಲ್ಲಿ! ಕೋಳಿಗೂಡಿನ ಜಾಲರಿ ಬಿಗಿದ ಮೂರು ಮೀಟರಿನ ಆಂಟೆನಾ, ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ಊರಿಗೆಲ್ಲ ಒಕ್ಕಲುತನ, ಆರೋಗ್ಯದ ಮಾತು, ಅದೂ ಕನ್ನಡದಲ್ಲಿ. ಸಂಶೋಧಕರು ಹಳ್ಳಿಗಳಲ್ಲಿ ತಂಗಿ, ಏನು ತಿಳಿಯಿತು, ಏನು ಬೇಕು ಎಂದು ಜನರನ್ನು ಕೇಳಿದರು. ಕೇಳಿದ್ದು ದೊಡ್ಡದು. ಆದರೆ 1976ರ ಜುಲೈ 31ಕ್ಕೆ ಕರಾರು ಮುಗಿದು ಉಪಗ್ರಹ ಹೊರಟಿತು. ಅದು ಇರಬೇಕೋ ಹೋಗಬೇಕೋ ಎಂಬುದು ಹಳ್ಳಿಯವರ ಕೈಯಲ್ಲಿರಲಿಲ್ಲ. ಮರುವರ್ಷ ಗುಲ್ಬರ್ಗದಲ್ಲಿ ಎದ್ದ ಟಿವಿ ಗೋಪುರದ ಅಲೆ ದೂರದ ಊರುಗಳಿಗೆಲ್ಲ ಮುಟ್ಟುವಂತಿರಲಿಲ್ಲ.

ಈ ಕಂತಿನ ಬಗ್ಗೆ ನನ್ನ ತಕರಾರೂ ಇಲ್ಲೇ ಇದೆ. ಸ್ಪಾಕ್ ಕೇಳುತ್ತಾನೆ, ಅದಕ್ಕೆ ನನ್ನ ನಮಸ್ಕಾರ. ಕೇಳಿದ ಮೇಲೆ ಆಗುವ ರಾಜಿ ಮಾತ್ರ ಬಲು ಅವಸರದ್ದು. ಹೋರ್ಟಾದ ಮರಿಗಳು ಸುರಂಗ ಕೊರೆಯಬೇಕು, ಮನುಷ್ಯರು ಖನಿಜ ಬಾಚಿಕೊಳ್ಳಬೇಕು. ಸಾಹುಕಾರರಾಗುತ್ತೇವೆಂದು ಮ್ಯಾನೇಜರ್ ಖುಷಿಯಾಗುತ್ತಾನೆ. ಒಡೆದ ಮೊಟ್ಟೆಗಳ ಮಾತು ಮತ್ತೆ ಬರುವುದಿಲ್ಲ, ಸತ್ತ ಐವತ್ತು ಮಂದಿಯ ಮನೆಯವರದ್ದೂ ಬರುವುದಿಲ್ಲ. ಮಾಮಾನ ಪ್ರಶ್ನೆ ಇನ್ನೂ ನೇರ: “ಅಲ್ಲೋ, ತೋಡಾವು ಅದರ ಮರಿ, ಸಾಹುಕಾರ ಆಗಾಂವ ಇವ. ಅವುಕ್ಕ ಪಗಾರ ಎಷ್ಟು?”

ಇಷ್ಟಾದರೂ ಕಂತು ನೋಡಿ, ಅದರಲ್ಲೂ ಗಣಿಯ ಮಂದಿಯ ಜೊತೆ ಕೂತು ನೋಡಿ. ಕೆಳಗಿರುವವರನ್ನು ಕೇಳಬೇಕು ಎಂಬಲ್ಲಿಗೆ ಟಿವಿ 1967ರಲ್ಲೇ ಬಂದಿತ್ತು. ಕೇಳಿದ ಮೇಲೆ ಅವರಿಗೂ ಪಾಲು ಕೊಡಬೇಕು ಎಂಬ ಕಂತನ್ನು ಯಾರಾದರೂ ಬರೆಯುವುದಿದ್ದರೆ, ಅದಕ್ಕೆ ಬೇಕಾದ ಸಾಮಗ್ರಿ ರಾಯಚೂರು ಜಿಲ್ಲೆಯಲ್ಲಿ ಬೇಕಾದಷ್ಟಿದೆ.